ವಾಯವ್ಯ ಮೂಲೆಯ ಬೆಣೆ

ಶೋರ್-ತ್ಯುಬೆ, ಚೂ ನದಿಯಾಚೆ
14 ಸೆಪ್ಟೆಂಬರ್ 1993

ತಮ್ಮ ಜುಮಾಜಿಗೆ,

ಸಲಾಂ ಹೇಳದೆ ಪತ್ರ ಶುರು ಮಾಡಬಾರದು ಎಂದು ಅಮ್ಮ ಕಲಿಸಿದ್ದಳು, ಅದಕ್ಕೆ ಸಲಾಂ. ಅದಕ್ಕಿಂತ ಹೆಚ್ಚಿನ ಮರ್ಯಾದೆ ಈ ಪತ್ರದಲ್ಲಿ ನಿನಗೆ ಸಿಗುವುದಿಲ್ಲ.

ಎರಡು ಬಸ್ಸು ಬದಲಿಸಿ, ದೇಶ ಒಡೆದ ಮೇಲೆ ಹೊಸದಾಗಿ ಹುಟ್ಟಿಕೊಂಡಿರುವ ಗಡಿಯಲ್ಲಿ ಚೀಲ ಬಿಚ್ಚಿ ತೋರಿಸಿ, ಒಂದೂವರೆ ದಿನ ಕೂತು ಹೋದ ವಾರ ನಿಮ್ಮೂರಿಗೆ ಬಂದೆ. ಅಪ್ಪನನ್ನು ಮಣ್ಣು ಮಾಡಿ ಹೋದವಳು ಹತ್ತೊಂಬತ್ತು ವರ್ಷದ ಮೇಲೆ ಬಂದೆ. ನಿನ್ನ ಹೆಂಡತಿ ಕೈಯಾರೆ ಎಳೆದ ಲಗ್ಮನ್ ಶಾವಿಗೆ ಬಡಿಸಿದಳು, ಹೊಸ ಹಾಸಿಗೆ ಹಾಸಿದಳು, ಅವಳಿಗೆ ಒಳ್ಳೆಯದಾಗಲಿ. ಆದರೆ ನಾನು ಬಂದದ್ದು ತಿಂದು ಮಲಗುವುದಕ್ಕಲ್ಲ, ಮಸೀದಿಯ ಸೂರಿನಲ್ಲಿ ಅಪ್ಪ ಕಟ್ಟಿದ ವಾಯವ್ಯ ಮೂಲೆಯನ್ನು ಒಂದು ಸಲ ಕಣ್ಣಾರೆ ನೋಡುವುದಕ್ಕೆ. ಮಸೀದಿಯ ಬಾಗಿಲಲ್ಲಿ ಏನಾಯಿತು ಎಂದು ನಿನಗೆ ಗೊತ್ತು. ಆದರೂ ಬರೆಯುತ್ತೇನೆ, ಆಗ ನೀನು ನಿನ್ನ ಬೂಟನ್ನೇ ನೋಡುತ್ತಿದ್ದೆ.

ಅಪ್ಪನ ಓರಗೆಯ ಹಾರ್ಕಿ ಮಾವ ಬೆಂಚಿನ ಮೇಲೆ ಕೋಲು ಅಡ್ಡ ಇಟ್ಟುಕೊಂಡು ಕೂತಿದ್ದರು. "ಯಾರದು?" ಅಂದರು. ಬಡಗಿ ಇಸ್ಖಾರನ ಮಗಳು ಅಂದೆ.

"ಓಹೋ, ಎಡಗೈ ಹಲಿಮೆ. ಇನ್ನೂ ಬದುಕಿದೀಯಾ?"

"ನೀವೇ ಇನ್ನೂ ಕೂತಿರೋವಾಗ ನಂಗೇನು ಅವಸರ, ಮಾವ."

"ಬಾಯಿ ಮಾತ್ರ ಹಾಗೇ ಇದೆ. ಹೆಂಗಸ್ರು ಅಂಗಳದಿಂದ ನೋಡ್ಬಹುದು. ಅಲ್ಲಿಂದ ಚೆನ್ನಾಗೇ ಕಾಣುತ್ತೆ."

ಚೆನ್ನಾಗೇ ಕಂಡಿತು. ಸೂರಿನ ಕೆಳಗಿನ ದಾಳಿಂಬೆ, ದ್ರಾಕ್ಷಿ ಗೊಂಚಲು, ಪೂರ್ವದಿಂದ ವಲಸೆ ಬಂದ ನಮ್ಮ ಹಿರಿಯರ ಬಣ್ಣ ಮಾಸಿದ ಡ್ರ್ಯಾಗನ್ ಕಂಡವು. ಮೇಲಕ್ಕೆ ಕೊಂಕಿ ನಿಂತಿರುವ ಮೂರು ಮೂಲೆಗಳು ಕಂಡವು, ಒಂದು ಗೇಣು ಜಗ್ಗಿರುವ ನಾಲ್ಕನೆಯದೂ ಕಂಡಿತು. ಅದರ ಕೆಳಗೆ ಟಾರ್ಪಾಲಿನ ಮೇಲೆ ನಿನ್ನ ಗುತ್ತಿಗೆದಾರ ಹರಡಿಟ್ಟಿದ್ದ ಕಬ್ಬಿಣವೂ ಕಂಡಿತು. ಹೆಬ್ಬೆರಳು ಗಾತ್ರದ ಬೋಲ್ಟುಗಳು, ಪಟ್ಟಿಗಳು, ತೂತು ಕೊರೆಯುವ ಯಂತ್ರ.

ಎಂಬತ್ತು ವರ್ಷದಿಂದ ಆ ಮಸೀದಿ ಒಂದು ಮೊಳೆಯಿಲ್ಲದೆ ನಿಂತಿದೆ. ಭೂಮಿ ನಡುಗಿದಾಗ ಮರ ಅಲುಗಿ ಮತ್ತೆ ತನ್ನ ಜಾಗದಲ್ಲಿ ಕೂರುತ್ತದೆ. ಕಬ್ಬಿಣ ಹಾಗಲ್ಲ, ಹಿಡಿದದ್ದನ್ನು ಬಿಡುವುದಿಲ್ಲ, ಸೀಳಿಬಿಡುತ್ತದೆ. ಸರ್ಕಾರದವರು ಅದನ್ನು ಕಾಳಿನ ಗೋದಾಮು ಮಾಡಿದರು, ಕುದುರೆ ಕಟ್ಟಿದರು, ಆಗಲೂ ಯಾರೂ ಮೊಳೆ ಹೊಡೆಯಲಿಲ್ಲ. ದೇವರನ್ನು ನಂಬದವರೂ ಹೊಡೆಯದ ಮೊಳೆಯನ್ನು ದಿನಕ್ಕೆ ಐದು ಹೊತ್ತು ನಮಾಜು ಮಾಡುವ ನೀನು ಹೊಡೆಯುತ್ತೀಯ.

ಆ ಮೂಲೆಯ ಕಥೆ ನಿನಗೆ ಗೊತ್ತಿಲ್ಲ, ಆಗ ನೀನಿನ್ನೂ ಹುಟ್ಟಿರಲಿಲ್ಲ. ನಲವತ್ತೇಳರಲ್ಲಿ ಮಸೀದಿಯನ್ನು ಊರಿಗೆ ವಾಪಸು ಕೊಟ್ಟಾಗ ಅದು ಕೊಳೆತಿತ್ತು. ಬಿಚ್ಚಿ ಕಟ್ಟಿದ್ದು ಅಪ್ಪ. ಗಂಡು ಮಕ್ಕಳಿಲ್ಲದ ಅಪ್ಪನಿಗೆ ಕೈಗೆ ಸಿಕ್ಕವಳು ನಾನೊಬ್ಬಳೇ, ಹನ್ನೊಂದು ವರ್ಷದವಳು. ಊಟಕ್ಕೆ ಕೂತಾಗ ಅಮ್ಮ ನನ್ನ ಎಡಗೈಯನ್ನು ಬೆನ್ನ ಹಿಂದೆ ಕಟ್ಟುತ್ತಿದ್ದಳು. ಅಪ್ಪ ನನ್ನ ಏಳನೆಯ ವಯಸ್ಸಿಗೇ ಅದೇ ಕೈಗೆ ಉಳಿ ಕೊಟ್ಟಿದ್ದ. ಹುಡುಗಿ ಒಳಗೆ ಬರಕೂಡದು ಎಂದು ಊರಿನವರು ತಕರಾರು ತೆಗೆದರು, ಅದಕ್ಕೆ ನನ್ನನ್ನು ಹೊರಗಿನ ಅಟ್ಟಣಿಗೆಯ ಮೇಲೆ ಕೂರಿಸಿದ. ಮೂಲೆಯ ಒಂದು ಮರದ ತೋಳಿನಲ್ಲಿ ಬೆಣೆ ಕೂರುವ ತೂತನ್ನು ನಾನು ಕೊರೆದೆ. ತಪ್ಪಾಗಿ ಕೊರೆದೆ. ಅಪ್ಪ ಬಯ್ಯಲಿಲ್ಲ. ಉಳಿಯನ್ನು ನನ್ನ ಕೈಯಿಂದ ತೆಗೆದುಕೊಂಡು, "ಇದನ್ನ ಒಲೆಗೆ ಹಾಕ್ತೀನಿ, ಬೇರೆ ಮಾಡ್ತೀನಿ. ನೀನು ಮನೆಗೆ ಹೋಗು" ಅಂದ. ಆ ಚಳಿಗಾಲದಲ್ಲೇ ನೀನು ಹುಟ್ಟಿದೆ. ಆಮೇಲೆ ಉಳಿ ನನ್ನ ಕೈಗೆ ಬರಲಿಲ್ಲ.

ಕಬ್ಬಿಣವನ್ನು ವಾಪಸು ಕಳಿಸು. ಬೇರೇನೂ ಕೇಳುವುದಿಲ್ಲ.

ನಿನ್ನ ಅಕ್ಕ,
ಹಲಿಮೆ

—

ಬೆಶ್-ತೆರೆಕ್
29 ಸೆಪ್ಟೆಂಬರ್ 1993

ಅಕ್ಕನಿಗೆ ಸಲಾಂ,

ನಿನ್ನ ಬೈಗುಳ ಕ್ಷೇಮವಾಗಿ ತಲುಪಿತು. ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ, ಲಗ್ಮನ್ ಬಗ್ಗೆ ಬರೆದದ್ದಕ್ಕೆ ನನ್ನ ಹೆಂಡತಿಗೆ ಸಂತೋಷವಾಗಿದೆ.

ನಾನು ಇಪ್ಪತ್ತೈದು ವರ್ಷ ಲಾರಿ ಓಡಿಸಿದವನು. ನನ್ನನ್ನು ಮಸೀದಿ ಸಮಿತಿಯ ಮುಖ್ಯಸ್ಥನನ್ನಾಗಿ ಮಾಡಿದ್ದು ಬಡಗಿ ಇಸ್ಖಾರನ ಮಗ ಎಂಬ ಒಂದೇ ಕಾರಣಕ್ಕೆ. ಹೆಂಗಸರು ಒಳಗೆ ಬರಬಾರದು ಎಂಬ ನಿಯಮ ನಾನು ಮಾಡಿದ್ದಲ್ಲ, ಮುರಿಯುವ ಶಕ್ತಿಯೂ ನನಗಿಲ್ಲ. ಬೂಟು ನೋಡುತ್ತಿದ್ದೆ ನಿಜ. ನೀನೂ ಹಾರ್ಕಿ ಮಾವನೂ ಎದುರುಬದುರು ನಿಂತಾಗ ಬೇರೆ ಎಲ್ಲಿ ನೋಡಲಿ?

ಕಬ್ಬಿಣ ನನಗೂ ಇಷ್ಟವಿಲ್ಲ. ಆದರೆ ನವೆಂಬರಿನಲ್ಲಿ ಹಿಮ ಬೀಳುತ್ತದೆ. ಶುಕ್ರವಾರ ಆ ಮೂಲೆಯ ಕೆಳಗೆ ಅರವತ್ತು ಜನ ಸಾಲು ನಿಲ್ಲುತ್ತಾರೆ. ಹಿಮದ ಭಾರಕ್ಕೆ ಸೂರು ಕೆಳಗೆ ಬಂದರೆ ಅಷ್ಟು ಮನೆಗಳಿಗೆ ಹೋಗಿ ನಾನೇನು ಹೇಳಲಿ, ಮೊಳೆಯಿಲ್ಲದೆ ಸತ್ತರು ಎಂದೇ? ಆ ಕೂಡಿಕೆ ಬಿಚ್ಚಬಲ್ಲ ಬಡಗಿ ನಮ್ಮೂರ ಸರೋವರದ ಸುತ್ತ ಒಬ್ಬನೂ ಉಳಿದಿಲ್ಲ.

ನಿನಗೆ ಗೊತ್ತಿದ್ದರೆ ಬರಿ, ಹೇಗೆ ಬಿಚ್ಚುವುದು ಎಂದು. ನಾನೇ ಬಿಚ್ಚುತ್ತೇನೆ. ಅಪ್ಪನ ಉಳಿಗಳು ನನ್ನ ಹತ್ತಿರ ಇವೆ.

ತಮ್ಮ,
ಜುಮಾಜಿ

—

ಶೋರ್-ತ್ಯುಬೆ
8 ಅಕ್ಟೋಬರ್ 1993

ಜುಮಾಜಿ,

ಅಪ್ಪನ ಉಳಿಗಳು ನಿನ್ನ ಹತ್ತಿರ ಇವೆ ಎಂದು ನನಗೆ ಗೊತ್ತು. ಹತ್ತೊಂಬತ್ತು ವರ್ಷದಿಂದ ಗೊತ್ತು. ಅವು ಯಾರ ಪಾಲಿಗೆ ಎಂದು ಯಾರೂ ಕೇಳಲೇ ಇಲ್ಲವಲ್ಲ. ಅಪ್ಪ ಹಾಸಿಗೆ ಹಿಡಿದ ನಾಲ್ಕು ತಿಂಗಳು ಗಂಡ, ಮಕ್ಕಳು, ಬೆಳ್ಳುಳ್ಳಿ ಕೊಯ್ಲು ಎಲ್ಲ ಬಿಟ್ಟು ಬಂದು ನೋಡಿಕೊಂಡವಳು ನಾನು. ಚಹಾ ಬಿಸಿಯಿಲ್ಲ, ಬಾಗಿಲು ಹಾಕು, ಈ ಹೊದಿಕೆ ಬೇಡ, ಇಷ್ಟೇ ಮಾತು. ಮೂರು ಹೊತ್ತೂ ನನ್ನ ಕೈ ಹಿಡಿದು ಎಳೆಯುವುದು, ನಾನು ನೀರು ಕುಡಿಸುವುದು. ಕೊನೆಗೆ ಉಳಿಗಳ ಗಂಟು ನಿನಗೆ.

ಸರಿ, ಬರೆಯುತ್ತೇನೆ. ನಿನಗಾಗಿ ಅಲ್ಲ. ಆ ಮರಕ್ಕೆ ಕಬ್ಬಿಣ ಇಳಿಯಬಾರದು, ಅದಕ್ಕೆ.

ಮೂಲೆಯಲ್ಲಿ ಏಳು ತೋಳುಗಳಿವೆ, ಒಂದರ ಮೇಲೊಂದು ಅಡ್ಡಡ್ಡ. ಒಂದರ ಕಚ್ಚಿನಲ್ಲಿ ಇನ್ನೊಂದು ಕೂತಿದೆ. ಏಳೂ ಕೂಡುವ ಕಡೆ ಅಕ್ರೋಟು ಮರದ ಒಂದೇ ಒಂದು ಬೆಣೆ ಇದೆ. ಅದು ಬಂದರೆ ಎಲ್ಲವೂ ಬಿಚ್ಚಿ ಬರುತ್ತದೆ, ಅದು ಬಾರದೆ ಆನೆ ಎಳೆದರೂ ಒಂದೂ ಬರುವುದಿಲ್ಲ. ಬೆಣೆಯನ್ನು ಒಳಗಿನಿಂದ ಬಡಿದು ಕೂರಿಸುವುದು ಪದ್ಧತಿ. ದಪ್ಪ ತುದಿ ಒಳಗೆ, ಸಣ್ಣ ತುದಿ ಹೊರಗೆ. ಹಾಗಾಗಿ ನೀನು ಹೊರಗಿನಿಂದ, ದಾಳಿಂಬೆ ಕೆತ್ತನೆಯ ಕೆಳಗೆ ಬಣ್ಣ ಕೆರೆದು, ಸಣ್ಣ ತುದಿ ಹುಡುಕಿ, ಮರದ ಕೊಡತಿಯಿಂದ ಹೊಡೆ. ಒಳಕ್ಕೆ ಬಿದ್ದುಹೋಗುತ್ತದೆ. ಮೊದಲು ಸೂರಿಗೆ ಆನಿಕೆ ಕೊಡು. ಆಮೇಲೆ ಕೊಳೆತ ತೋಳಿನ ಅಳತೆ ತೆಗೆದು ಹಾಗೆಯೇ ಇನ್ನೊಂದು ಮಾಡು. ಮಾಡಲು ಬರುತ್ತದೆಯೇ ಎಂದು ಕೇಳುವುದಿಲ್ಲ, ಅಪ್ಪ ನಿನಗೆ ಕಲಿಸಿರಬೇಕಲ್ಲ.

ಇದನ್ನು ನಾನು ಅರ್ಧ ದಿನದಲ್ಲಿ ಮಾಡುತ್ತಿದ್ದೆ. ಕಾಗದದ ಮೇಲೆ ಬರೆದು ಕಳಿಸುತ್ತಿದ್ದೇನೆ, ಔಷಧಿ ಚೀಟಿಯ ಹಾಗೆ.

ಹಲಿಮೆ

—

ಬೆಶ್-ತೆರೆಕ್
20 ಅಕ್ಟೋಬರ್ 1993

ಅಕ್ಕಾ,

ಸೀಳಿತು.

ಆನಿಕೆ ಕೊಟ್ಟೆ. ಬಣ್ಣ ಕೆರೆದೆ. ಎಂಟು ಪದರ ಬಣ್ಣದ ಕೆಳಗೆ ಬೆಣೆಯ ತುದಿ ಸಿಕ್ಕಿತು. ನೀನು ಹೇಳಿದ ಹಾಗೆಯೇ ಹೊರಗಿನಿಂದ ಹೊಡೆದೆ. ಬರಲಿಲ್ಲ. ಇನ್ನೂ ಜೋರಾಗಿ ಹೊಡೆದೆ. ಹತ್ತನೆಯ ಪೆಟ್ಟಿಗೋ ಹನ್ನೊಂದನೆಯದಕ್ಕೋ ಕೆಳಗಿನ ತೋಳು ಈ ತುದಿಯಿಂದ ಆ ತುದಿವರೆಗೆ ಬಿರಿಯಿತು. ಅಂಗಳದಲ್ಲಿ ಇಡೀ ಊರು ನಿಂತಿತ್ತು. "ಲಾರಿ ರಿಪೇರಿ ಮಾಡ್ದಂಗೆ ಮಾಡ್ತಿದಾನೆ" ಎಂದು ಯಾರೋ ಅಂದರು, ಎಲ್ಲರೂ ನಕ್ಕರು.

ಈಗ ಒಂದು ಗೇಣಲ್ಲ, ಒಂದೂವರೆ ಗೇಣು ಜಗ್ಗಿದೆ. ನವೆಂಬರ್ ಐದರ ಶುಕ್ರವಾರ ಗುತ್ತಿಗೆದಾರ ಬರುತ್ತಾನೆ. ಈ ಸಲ ನಾನು ಬೇಡ ಅನ್ನಲಾರೆ. ನನ್ನ ಮಾತಿಗೆ ಇನ್ನು ಬೆಲೆ ಇಲ್ಲ.

ಅಪ್ಪ ನನಗೆ ಕಲಿಸಿರಬೇಕು ಎಂದು ಬರೆದಿದ್ದೀಯ. ಹೇಳುತ್ತೇನೆ ಕೇಳು. ನನಗೆ ಎಂಟು ವರ್ಷವಾದಾಗ ಉಳಿ ಕೊಟ್ಟ. ಮೊದಲ ದಿನವೇ, "ನಿನ್ನಕ್ಕ ಈ ವಯಸ್ಸಿಗೆ ಇದನ್ನ ಕಣ್ಣು ಮುಚ್ಕೊಂಡು ಮಾಡ್ತಿದ್ಲು" ಅಂದ. ಎರಡನೆಯ ದಿನವೂ ಅಂದ. ಆರು ವರ್ಷ ಅಂದ. ಹದಿನಾಲ್ಕನೆಯ ವಯಸ್ಸಿನಲ್ಲಿ ಉಳಿ ಎಸೆದು ಗ್ಯಾರೇಜಿಗೆ ಹೋದೆ. ಕರೆಯಲು ಬರಲಿಲ್ಲ. ಆ ಗಂಟನ್ನು ನಾನು ಕೇಳಿ ಪಡೆದದ್ದಲ್ಲ. ಬಿಚ್ಚಿ ನೋಡಿದಾಗಲೆಲ್ಲ ನನಗೆ ಕಾಣುವುದು ನೀನು. ನಿನ್ನನ್ನು ಕಂಡರೆ ನನಗೆ ಯಾಕೆ ಆಗುವುದಿಲ್ಲ ಎಂದು ನೀನು ಯಾವತ್ತೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಈಗ ಹೇಳಿದ್ದೇನೆ.

ನೀನು ಹೇಳಿಕೊಟ್ಟದ್ದೇ ತಪ್ಪು. ಬೇಕಾದರೆ ಮತ್ತೊಂದು ಪತ್ರ ಬರೆದು ಬಯ್ಯಿ.

ಜುಮಾಜಿ

—

ಶೋರ್-ತ್ಯುಬೆ
27 ಅಕ್ಟೋಬರ್ 1993

ಜುಮಾಜಿ,

ನಾನು ಹೇಳಿದ್ದು ತಪ್ಪಲ್ಲ. ಪ್ರಾಣ ಹೋದರೂ ತಪ್ಪಲ್ಲ. ಉಳಿದ ಮೂರು ಮೂಲೆಗಳೂ ಹಾಗೆಯೇ ಇವೆ, ಅಪ್ಪ ಹಾಗೆಯೇ ಮಾಡುತ್ತಿದ್ದ.

ಒಳಗೆ ಚಾವಣಿಯ ಹಲಗೆ ಬಿಚ್ಚಿ ನೋಡು, ಬೆಣೆಯ ಇನ್ನೊಂದು ತುದಿ ಹೇಗಿದೆ ಎಂದು. ಏಣಿ ಹತ್ತುವ ಎರಡು ನಿಮಿಷದ ಕೆಲಸ. ಒಳಗೆ ಬಿಟ್ಟಿದ್ದರೆ ಸೆಪ್ಟೆಂಬರಿನಲ್ಲೇ ನಾನು ಹತ್ತಿ ನೋಡುತ್ತಿದ್ದೆ. ಅಂಗಳದಿಂದ ಚೆನ್ನಾಗಿ ಕಾಣುತ್ತದೆ ಅಂದರಲ್ಲ, ನೋಡಿದೆವಲ್ಲ ಎಷ್ಟು ಚೆನ್ನಾಗಿ ಕಂಡಿತು ಎಂದು.

ಇನ್ನು ನಿನ್ನ ಪತ್ರದ ಆ ಇನ್ನೊಂದು ಮಾತು. ಅಪ್ಪ ನನ್ನ ಮುಂದೆ ಒಂದು ದಿನವೂ ನನ್ನ ಕೆಲಸ ಚೆನ್ನಾಗಿದೆ ಅಂದವನಲ್ಲ. ನಿನ್ನ ಮುಂದೆ ಆರು ವರ್ಷ ಅಂದನಂತೆ. ಇದನ್ನು ಓದಿ ನನಗೆ ಸಂತೋಷವಾಗಬೇಕಿತ್ತೋ ಏನೋ. ಸಿಟ್ಟು ಬಂತು.

ಶುಕ್ರವಾರದೊಳಗೆ ಹಲಗೆ ಬಿಚ್ಚು.

ಹಲಿಮೆ

—

ಬೆಶ್-ತೆರೆಕ್
6 ನವೆಂಬರ್ 1993

ಅಕ್ಕಾ,

ಇದನ್ನು ಕೂತುಕೊಂಡು ಓದು.

ನಿನ್ನ ಪತ್ರ ಬುಧವಾರ ಬಂತು. ಗುರುವಾರ ಮಧ್ಯಾಹ್ನದ ನಮಾಜು ಮುಗಿದ ಮೇಲೆ ಏಣಿ ಹಾಕಿದೆ. ಏಣಿ ಹಿಡಿದುಕೊಳ್ಳಲು ಅಲ್ಲಿ ಇದ್ದವರು ಹಾರ್ಕಿ ಮಾವ ಒಬ್ಬರೇ. ಯಾಕೋ ಬೆಳಗಿನಿಂದ ಅಲ್ಲಿಂದ ಕದಲಿರಲಿಲ್ಲ. ಹಲಗೆ ಬಿಚ್ಚಿದೆ, ಟಾರ್ಚು ಹಾಕಿದೆ. ಒಳಗಿರುವುದು ಸಣ್ಣ ತುದಿ. ಉಳಿದ ಮೂರು ಮೂಲೆಗಳಿಗಿಂತ ತಿರುಗುಮುರುಗು. ಈ ಬೆಣೆಯನ್ನು ಹೊರಗಿನಿಂದ ಬಡಿದು ಕೂರಿಸಿದ್ದಾರೆ. ನಾನು ಹೊರಗಿನಿಂದ ಹೊಡೆದಷ್ಟೂ ಅದು ಬಿಗಿಯುತ್ತಾ ಹೋಗಿ ತೋಳನ್ನು ಸೀಳಿದೆ.

"ಮಾವ, ಇದು ಉಲ್ಟಾ ಇದೆ" ಅಂದೆ.

"ಇರ್ಲಿ. ಹಲಗೆ ಮುಚ್ಚು."

"ನಿಮಗೆ ಗೊತ್ತಿತ್ತಾ?"

ಕೋಲನ್ನು ಗೋಡೆಗೆ ಒರಗಿಸಿದರು. ಆಮೇಲೆ ಹೇಳಿದ್ದನ್ನು ಇದ್ದಂತೆಯೇ ಬರೆಯುತ್ತೇನೆ.

"ಗೊತ್ತಿತ್ತು ಕಣಯ್ಯ. ಹೊರಗಡೆ ಕೂರ್ಸಿದ್ರೆ ಪಾಪದ ಹುಡುಗಿ ಹೊರಗಡೆಯಿಂದ್ಲೇ ತಾನೆ ಕೊರೆಯೋದು. ಅದು ಇನ್ನೇನು ಮಾಡುತ್ತೆ? ಹುಡುಗಿ ಕೊರೆದ ಮರ ಅಲ್ಲಾನ ಮನೇಲಿ ಬೇಡ ಅಂತ ಜೋರು ಗಲಾಟೆ ಮಾಡಿದವನು ನಾನೇ. ನಿಮ್ಮಪ್ಪ ಎಲ್ಲರ ಮುಂದೆ, ಸುಟ್ಟುಹಾಕ್ತೀನಿ ಅಂದ. ಮಾರನೇ ದಿನ ಬಂದು ನೋಡ್ತೀನಿ, ಅದನ್ನೇ ಮುಂದಿಟ್ಕೊಂಡು ಉಳಿದ ಆರು ತೋಳನ್ನೂ ಅದಕ್ಕೆ ಹೊಂದೋ ಹಾಗೆ ತಿದ್ತಾ ಕೂತಿದಾನೆ. ಒಂದು ಹೊಸದು ಮಾಡೋ ಬದ್ಲು ಆರನ್ನ ತಿದ್ತೀಯಲ್ಲೋ, ತಲೆ ಕೆಟ್ಟಿದೆಯಾ ಅಂದೆ. 'ಇಷ್ಟು ಚೊಕ್ಕಟ ತೂತು ನಾನೂ ಕೊರೆದಿಲ್ಲ ಹಾರ್ಕಿ, ಸುಡೋಕೆ ಕೈ ಬರಲ್ಲ' ಅಂದ. ಬಾಯಿ ಬಿಟ್ರೆ ಹಲ್ಲು ಉದುರಿಸ್ತೀನಿ ಅಂತಾನೂ ಅಂದ. ಆಮೇಲೆ ಇಬ್ಬರೂ ಸೇರಿ ಎತ್ತಿ ಕೂರಿಸಿದ್ವಿ."

"ಅಪ್ಪ ಹೋದ ಮೇಲಾದ್ರೂ ಅಕ್ಕನಿಗೆ ಹೇಳ್ಬಹುದಿತ್ತಲ್ಲ ಮಾವ."

"ಹೇಳಿದ್ರೆ, ಇಷ್ಟು ವರ್ಷ ಅದರ ಕೆಳಗೇ ನಮಾಜು ಮಾಡಿದೀನಿ ಅಂತಾನೂ ಹೇಳ್ಬೇಕಾಗ್ತಿತ್ತು."

ಅಕ್ಕಾ, ನಾನು ಮತ್ತೆ ಏಣಿ ಹತ್ತಿ ನೋಡಿದೆ. ತೂತಿನ ಅಂಚಿನಲ್ಲಿ ಉಳಿಯ ಗೀರುಗಳಿವೆ. ಎಲ್ಲವೂ ಎಡಗೈಯವರು ಕೊರೆದ ಕಡೆಗೆ ವಾಲಿವೆ. ನೀನು ಚಿಕ್ಕವಳಿದ್ದಾಗ ಮಾಡಿದ, ಅಡುಗೆಮನೆಯಲ್ಲಿ ಇವತ್ತಿಗೂ ಇರುವ ಆ ಪುಟ್ಟ ಮಣೆಯ ಮೇಲೆ ಇರುವಂಥವೇ. ಕೈ ಆಡಿಸಿ ನೋಡಿದೆ, ಗಾಜಿನ ಹಾಗೆ ನುಣ್ಣಗಿದೆ.

ನಿನ್ನೆ ಗುತ್ತಿಗೆದಾರ ಬಂದ. ಬೋಲ್ಟುಗಳ ಸಮೇತ ವಾಪಸು ಕಳಿಸಿದೆ. ಹಿರಿಯರು ಕೂಗಾಡಿದರು. ಹಾರ್ಕಿ ಮಾವ ಕೋಲು ಕುಟ್ಟಿ ಎದ್ದು ನಿಂತು, ಮೇಲೆ ನಾನು ಬರೆದದ್ದನ್ನೆಲ್ಲ ಅವರ ಮುಂದೆ ಇನ್ನೊಂದು ಸಲ ಹೇಳಿದರು. ಅಖುನರು ಗಡ್ಡ ಸವರಿಕೊಂಡು, "ಅವಳ ಕೈಯಾಗ್ಲೇ ಒಳಗಿದೆ, ಕಾಲೂ ಬರ್ಲಿ" ಅಂದರು. ಊರಿಗೆಲ್ಲ ನಮಾಜು ಹೇಳಿಕೊಡುವವರೇ ಹಾಗಂದ ಮೇಲೆ ಕೂಗಾಟ ನಿಂತಿತು. ಆರು ಪೋಪ್ಲಾರ್ ದಿಮ್ಮಿಗಳನ್ನು ಆನಿಸಿ ನಿಲ್ಲಿಸಿದ್ದೇವೆ. ಮೊದಲ ಹಿಮಕ್ಕೆ ತಡೆಯುತ್ತದೆ, ಎರಡನೆಯದಕ್ಕೆ ಗೊತ್ತಿಲ್ಲ. ಅಲ್ಲಿಯವರೆಗೆ ಶುಕ್ರವಾರದ ಸಾಲು ಅಂಗಳದಲ್ಲಿ, ಚಳಿಯಲ್ಲಿ. ಈಗ ಎಲ್ಲರೂ ಹೊರಗೇ.

ಒಳಗಿನಿಂದ ಹೊಡೆದರೆ ಬೆಣೆ ಬರುತ್ತದೆ ಎಂದು ಈಗ ನನಗೂ ಗೊತ್ತು. ನಾನೇ ಹೊಡೆಯಬಹುದು. ಹೊಡೆಯುವುದಿಲ್ಲ. ನೀನು ಬಾ. ಉಳಿಗಳನ್ನು ಎಣ್ಣೆ ಹಚ್ಚಿ ಮಸೆದು ಇಟ್ಟಿದ್ದೇನೆ. ಹೋಗುವಾಗ ಗಂಟನ್ನು ತೆಗೆದುಕೊಂಡು ಹೋಗು.

ನಿನ್ನ ತಮ್ಮ,
ಜುಮಾಜಿ

—

ಶೋರ್-ತ್ಯುಬೆ
12 ಡಿಸೆಂಬರ್ 1993

ತಮ್ಮ ಜುಮಾಜಿಗೆ,

ಕ್ಷೇಮವಾಗಿ ತಲುಪಿದೆ. ಗಡಿಯಲ್ಲಿ ಉಳಿಗಳ ಗಂಟು ಬಿಚ್ಚಿಸಿ, "ಇದೇನಜ್ಜಿ, ಯಾರನ್ನ ಕೊಲ್ಲೋಕೆ ಹೊರಟಿದೀಯಾ?" ಎಂದು ಕೇಳಿದರು. ಕೊಲ್ಲಬೇಕಾದವನು ಆಗಲೇ ಸತ್ತಿದ್ದಾನೆ ಅಂದೆ. ಬಿಟ್ಟುಬಿಟ್ಟರು.

ನಾನು ಮಸೀದಿಯ ಒಳಗೆ ಕಾಲಿಟ್ಟ ದಿನದ್ದನ್ನು ನಿನಗೆ ಬರೆಯಬೇಕಿಲ್ಲ, ಏಣಿ ಹಿಡಿದವನು ನೀನೇ. ಹಿರಿಯರೆಲ್ಲ ಮರ್ಯಾದೆಗೆಂದು ಗೋಡೆ ಕಡೆ ಮುಖ ಮಾಡಿ ಕೂತಿದ್ದರು, ಮೂರನೆಯ ಪೆಟ್ಟಿಗೆ ಬೆಣೆ ಹೊರಗೆ ಬಿದ್ದ ಸದ್ದಿಗೆ ಒಬ್ಬೊಬ್ಬರೂ ತಿರುಗಿದರು. ಹಾರ್ಕಿ ಮಾವ ಮೊದಲೇ ತಿರುಗಿದ್ದರು, ನಾನು ನೋಡಿದೆ. ಹೊರಡುವಾಗ ಬೆಂಚಿನಲ್ಲಿ ಪಕ್ಕಕ್ಕೆ ಸರಿದು ನನಗೆ ಜಾಗ ಮಾಡಿದರು. ನಾನು ಕೂರಲಿಲ್ಲ. ಅಷ್ಟು ಬೇಗ ಕೂರುವುದಿಲ್ಲ ಎಂದು ಅವರಿಗೆ ಹೇಳು.

ನಿನಗೆ ಹೇಳದೆ ಮಾಡಿದ ಕೆಲಸವೊಂದಿದೆ. ಕೊಳೆತದ್ದಕ್ಕೂ ಸೀಳಿದ್ದಕ್ಕೂ ಬದಲು ಹೊಸ ತೋಳಿಟ್ಟು, ಹೊಸ ಬೆಣೆ ಕೂರಿಸುವಾಗ ನಿನ್ನನ್ನು ಚಹಾ ತರಲು ಕಳಿಸಿದೆನಲ್ಲ, ಆಗ ಹೊರಗಿನ ಅಟ್ಟಣಿಗೆಗೆ ಹೋಗಿ ಅದನ್ನು ಹೊರಗಿನಿಂದಲೇ ಬಡಿದೆ. ಮೊದಲಿನಂತೆಯೇ ತಿರುಗುಮುರುಗು. ತಿದ್ದಬಹುದಿತ್ತು. ತಿದ್ದಲಿಲ್ಲ. ಇನ್ನೊಂದು ಐವತ್ತು ವರ್ಷದ ಮೇಲೆ ಯಾರಾದರೂ ಬಿಚ್ಚಬೇಕಾದರೆ, ಅದು ಯಾಕೆ ಹಾಗಿದೆ ಎಂದು ಯಾರನ್ನಾದರೂ ಕೇಳಲೇಬೇಕು. ಈ ಪತ್ರವನ್ನು ಮಸೀದಿಯ ಪೆಟ್ಟಿಗೆಯಲ್ಲಿ ಇಡು.

ನನ್ನ ಕೋಪ ಇಳಿದಿದೆ ಎಂದುಕೊಳ್ಳಬೇಡ. ನಿನ್ನ ಮೇಲಿನದು ಇಳಿದಿದೆ. ನಮ್ಮಿಬ್ಬರಿಗೂ ಅಪ್ಪ ಒಂದೇ ಮೋಸ ಮಾಡಿದ್ದಾನೆ, ನನ್ನನ್ನು ಹೊಗಳಿದ್ದನ್ನೆಲ್ಲ ನಿನ್ನ ತಲೆಯ ಮೇಲೆ ಹೇರಿ, ನನಗೆ ಒಲೆಯ ಸುಳ್ಳು ಹೇಳಿ. ನಲವತ್ತಾರು ವರ್ಷ ನಾನು ಯಾವ ಮರದ ತುಂಡನ್ನೂ ಮುಟ್ಟಲಿಲ್ಲ. ಮಕ್ಕಳ ತೊಟ್ಟಿಲು ಮುರಿದಾಗ ಕೂಡ ಬೇರೆಯವರನ್ನು ಕರೆಸಿದೆ. ನನ್ನ ಕೈ ಕೆಟ್ಟದ್ದು ಎಂದು ನಂಬಿಕೊಂಡಿದ್ದೆ. ಊರಿನವರಿಗೆ ಹೆದರಿ ಆಗ ಸುಳ್ಳು ಹೇಳಿದ, ಸರಿ. ಆಮೇಲೆ? ನಾಲ್ಕು ತಿಂಗಳು ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಚಹಾದ ಬಗ್ಗೆ ಮಾತಾಡಲು ಬಾಯಿ ಇತ್ತು.

ಬಸ್ಸಿನಲ್ಲಿ ಬರುವಾಗ ಹಳೆಯ ಬೆಣೆಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದೆ. ಆಗ ನೆನಪಾಯಿತು. ಅಪ್ಪ ಕೈ ಹಿಡಿದು ಎಳೆಯುತ್ತಿದ್ದ ಎಂದು ಬರೆದಿದ್ದೆನಲ್ಲ, ಅದು ಪ್ರತಿ ಸಲವೂ ಎಡಗೈಯೇ ಆಗಿತ್ತು. ನಾನು ಬಲಗಡೆ ಕೂತಿದ್ದರೂ ತಡಕಾಡಿ ಎಡಗೈಯನ್ನೇ ಹುಡುಕುತ್ತಿದ್ದ. ಹೆಬ್ಬೆರಳಿನಿಂದ ಅಂಗೈ ಉಜ್ಜಿ ಉಜ್ಜಿ, ನನ್ನ ಮುಖ ನೋಡಿ, ಏನೋ ಹೇಳುವವನ ಹಾಗೆ ಬಾಯಿ ತೆರೆಯುತ್ತಿದ್ದ. ಬಾಯಾರಿಕೆ ಇರಬೇಕು ಎಂದುಕೊಂಡು ನಾನು ಪ್ರತಿ ಸಲ ನೀರು ಕುಡಿಸಿದೆ.

ಅವನೂ ಪ್ರತಿ ಸಲ ಕುಡಿದ.

ನಿನ್ನ ಅಕ್ಕ,
ಎಡಗೈ ಹಲಿಮೆ